ಅಡಿವೆವ್ವ ಕೊಡದ ಧೈರ್ಯ

ನಮ್ಮ ಊರಿನಲ್ಲಿ ಒಗ್ಗರಣೆಗೆ ಸಾಸಿವೆ ಹಾಕುವವರು ಕಡಿಮೆ. ಸಾಸಿವೆ ಸಿಡಿದರೆ ಪಡಸಾಲೆಯಲ್ಲಿ ಕುಳಿತ ಹೆಂಗಸರು ಎದ್ದು ಒಳಕೋಣೆ ಸೇರುತ್ತಾರೆ. ಕೊಡ, ತಂಬಿಗೆಗಳಿಗೆಲ್ಲ ಹಳೆ ಸೀರೆಯ ಚೂರು ಸುತ್ತಿಟ್ಟಿರುತ್ತಾರೆ, ಒಂದಕ್ಕೊಂದು ತಾಗಿ ಸದ್ದಾಗಬಾರದೆಂದು. ಬಳೆಗಾರ ಬೀದಿಯಲ್ಲಿ ಕೂಗುವುದಿಲ್ಲ. ಬಾಗಿಲ ಮುಂದೆ ನಿಂತು ಕೆಮ್ಮುತ್ತಾನೆ, ಅದೂ ಮೆಲ್ಲಗೆ. ಬೀದಿಯ ಎರಡೂ ಮಗ್ಗುಲಿಗೆ ಸೊಂಟದ ಎತ್ತರಕ್ಕೆ ಹಗ್ಗ ಎಳೆದು ಕಟ್ಟಿದ್ದಾರೆ. ಅದನ್ನು ಹಿಡಿದುಕೊಂಡು ಹೆಂಗಸರು ಬಾವಿಗೆ ಹೋಗುತ್ತಾರೆ, ಹಿಡಿದುಕೊಂಡೇ ಬರುತ್ತಾರೆ. ನಾಯಿ ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹೊರಗಿನಿಂದ ಬಂದವರು ಎಂಥ ಸಾಧು ಜನ, ಎಂಥ ತಣ್ಣಗಿನ ಊರು ಎಂದು ಹೊಗಳಿ ಹೋಗುತ್ತಾರೆ. ಹೊಗಳಲಿ, ಅವರ ಗಂಟೇನು ಹೋಗುತ್ತದೆ.

ಊರು ಬಿಟ್ಟು ಹೋಗುವ ಗಂಡಸಿಗೆ ಮನೆಯ ಹೆಂಗಸೊಬ್ಬಳು ತನ್ನ ಧೈರ್ಯ ಕೊಟ್ಟು ಕಳಿಸುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದದ್ದು. ಒಲೆಯ ಮುಂದೆ ಇಬ್ಬರೂ ಎದುರುಬದುರು ಕೂರುತ್ತಾರೆ. ಅವನು ಎರಡೂ ಅಂಗೈ ಮೇಲೆ ಮಾಡಿ ಚಾಚುತ್ತಾನೆ. ಅವಳು ತನ್ನ ಅಂಗೈಗಳನ್ನು ಅವುಗಳ ಮೇಲೆ ಮಗುಚಿಟ್ಟು “ಕೊಟ್ಟೆ” ಎನ್ನುತ್ತಾಳೆ. ಅಷ್ಟೇ. ಅವನು ಮೀಸೆ ತೀಡುತ್ತ ಎದ್ದು ಹೋಗುತ್ತಾನೆ, ಅವಳು ಎದ್ದು ಬಾಗಿಲಿಗೆ ಅಗಳಿ ಹಾಕುತ್ತಾಳೆ. ಮನಸ್ಸಿಲ್ಲದೆ ಕೊಟ್ಟರೆ ದಾಟುವುದಿಲ್ಲ, ಕಸಿದುಕೊಳ್ಳಲೂ ಬರುವುದಿಲ್ಲ. ಹೋದವನು ತಿರುಗಿ ಬಂದರೆ ಮನೆಯ ಮೊದಲ ತುತ್ತು ಬಾಯಿಗಿಡುವ ಮುಂಚೆ ಪಡೆದದ್ದನ್ನು ಹಿಂದಿರುಗಿಸಬೇಕು. ಬರಲಿಲ್ಲ ಎಂದರೆ ಅವನ ಜೊತೆಗೆ ಅದೂ ಹೋಯಿತು.

ನನ್ನದು ನನ್ನ ಅಣ್ಣ ದುಂಡಪ್ಪನ ಜೊತೆ ಹೋಯಿತು. ನಾನು ಸೋಮವ್ವ, ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಮಕ್ಕಳಿಲ್ಲದೆ ಅಣ್ಣನ ಮನೆಗೆ ಬಂದವಳು. ಅಣ್ಣನದು ಕಂಬಳಿ ವ್ಯಾಪಾರ. ಮೂಲತಃ ಅಳುಕಿನ ಮನುಷ್ಯ. ಪಕ್ಕದ ಸಂತೆಗೆ ಹೋಗುವುದಕ್ಕೂ ನಾಲ್ಕು ಜನರನ್ನು ಕೇಳುತ್ತಿದ್ದ. ಹೆಂಡತಿಯದು ಮಗನಿಗೆ ಬೇಕಾಗುತ್ತದೆ, ಅದನ್ನು ಮುಟ್ಟಬಾರದು ಎಂದು ನನ್ನ ಮುಂದೆ ಅಂಗೈ ಚಾಚಿದ. “ಒಂದ ಸುಗ್ಗಿ, ಸೋಮವ್ವ. ಬರೂ ಸುಗ್ಗಿಗೆ ತಂದು ನಿನ್ನ ಕೈಯಾಗ ಇಡ್ತೀನಿ” ಅಂದ. ಕೊಟ್ಟೆ. ಅದಾದ ಮೇಲೆ ಅವನ ಆಟ ನೋಡಬೇಕಿತ್ತು. ಕುರುಬರ ಹಟ್ಟಿಯಲ್ಲಿದ್ದ ಕಂಬಳಿಗಳನ್ನೆಲ್ಲ ಒಂದೇ ಮಾತಿಗೆ ಹಿಡಿದುಬಿಟ್ಟ. ಗಾಡಿಗಳಿಗೆ ಹೇರಿದ. ಘಟ್ಟದಾಚೆ ಚಳಿಯ ಸೀಮೆಯಲ್ಲಿ ದಂಡು ಬೀಡುಬಿಟ್ಟಿದೆ, ಅಲ್ಲಿ ಯಾವ ವ್ಯಾಪಾರಿಯೂ ಕಾಲಿಟ್ಟಿಲ್ಲ, ಕಾಲಿಟ್ಟವನದೇ ಮಾರುಕಟ್ಟೆ ಎಂದು ನಗುನಗುತ್ತ ಹೊರಟ. ಬೇಡವೆಂದ ಹಿರಿಯರಿಗೆ ಅಂಜುಬುರುಕರು ಅಂಗಡಿ ಇಡಬಾರದು ಎಂದು ಜವಾಬು ಕೊಟ್ಟ. ಆ ಜವಾಬನ್ನು ಊರಿನ ವ್ಯಾಪಾರಿಗಳು ಇವತ್ತಿಗೂ ತಮ್ಮ ಹುಡುಗರಿಗೆ ಹೇಳಿಕೊಡುತ್ತಾರೆ. ಗಾಡಿಗಳೂ ಬರಲಿಲ್ಲ, ಎತ್ತುಗಳೂ ಬರಲಿಲ್ಲ. ನಾನು ಬಾಗಿಲ ಹಿಂದೆ ಸೇರಿದೆ. ನಾಲಿಗೆಯೊಂದು ಮಾತ್ರ ಹೇಗೋ ನನ್ನ ಹತ್ತಿರ ಉಳಿಯಿತು, ಅದೂ ಒಳಗೆ ಕುಳಿತಾಗ ಮಾತ್ರ ಆಡುವಂಥದು.

ಅಣ್ಣನ ಹೆಂಡತಿ ಅಡಿವೆವ್ವ. ನಾನು ವೈನಿ ಎಂದು ಕರೆಯುತ್ತೇನೆ. ಅವಳ ಗಟ್ಟಿತನದ ಮುಂದೆ ನಮ್ಮದೆಲ್ಲ ಯಾವ ಲೆಕ್ಕ. ಕಾಳಿನ ಗುಡಾಣದಲ್ಲಿ ಸೇರಿಕೊಂಡಿದ್ದ ನಾಗರಹಾವನ್ನು ಬರಿಗೈಯಲ್ಲಿ ಬಾಲ ಹಿಡಿದೆಳೆದು ಹಿತ್ತಲಿಗೆಸೆದವಳು. ಕಂದಾಯ ಕೇಳಲು ಬಂದವನ ಪೇಟವನ್ನು ಅವನ ಕೈಗೇ ಕೊಟ್ಟು ಕಳಿಸಿದವಳು. ಮಠದಲ್ಲಿ ಪುರಾಣ ನಡೆಯುವಾಗ ಗಂಡಸರ ಸಾಲಿನ ಮುಂದೆ ಕುಳಿತು ಸ್ವಾಮಿಗಳಾದ ಅಜ್ಜಾರನ್ನು ಪ್ರಶ್ನೆ ಕೇಳುತ್ತಿದ್ದವಳು. ಮಗ ಬಸಲಿಂಗ ದಂಡಿಗೆ ಹೊರಟಾಗ ಅವಳು ಒಂದು ಗಳಿಗೆಯೂ ಯೋಚಿಸದೆ ಅಂಗೈ ಮಗುಚಿದಳು. ಆ ಮಧ್ಯಾಹ್ನವೇ ಹೊಗೆಗೂಡಿನಲ್ಲಿ ಗುಬ್ಬಿ ಬಡಿದ ಸದ್ದಿಗೆ ಬೆಚ್ಚಿ ನನ್ನ ಸೆರಗು ಹಿಡಿದುಕೊಂಡಳು. ಆಮೇಲೆ ನಮ್ಮಿಬ್ಬರ ಸಂಸಾರ ನಗಬೇಕೋ ಅಳಬೇಕೋ ತಿಳಿಯದಂಥದು. ಹಲ್ಲಿ ಬಿದ್ದರೆ ಅವಳು ನನ್ನ ಹಿಂದೆ ಅಡಗಲು ಓಡಿ ಬರುವಳು, ನಾನು ಅವಳ ಹಿಂದೆ ಅಡಗಲು ಓಡುವೆ. ನಡುಮನೆಯಲ್ಲಿ ಇಬ್ಬರೂ ಡಿಕ್ಕಿ ಹೊಡೆದು ಕುಳಿತುಬಿಡುವೆವು. ಹಿತ್ತಲ ಬಾಗಿಲನ್ನು ತೆಗೆಯುವುದೇ ನಿಂತಿತು.

ಬಸಲಿಂಗ ತಿರುಗಿ ಬಂದ ದಿನ ಬೀದಿಯ ನಟ್ಟನಡುವೆ ನಡೆದು ಬಂದ. ಗಟ್ಟಿಯಾಗಿ ನಗುತ್ತಿದ್ದ. ಆ ನಗೆಗೆ ಎರಡೂ ಕಡೆಯ ಬಾಗಿಲುಗಳು ಮುಚ್ಚಿಕೊಂಡವು. ಕಟ್ಟೆಯ ಮೇಲೆ ಕುಳಿತು ಅಲ್ಲಿಯದನ್ನೆಲ್ಲ ಕುಸ್ತಿ ನೋಡಿ ಬಂದವನ ಹಾಗೆ ಹೇಳಿದ. ಪಕ್ಕದಲ್ಲಿದ್ದವನ ತಲೆ ತೋಫಿನ ಗುಂಡಿಗೆ ಹಾರಿತಂತೆ, ಇವನು ಅವನ ರೊಟ್ಟಿಯ ಗಂಟು ಬಿಚ್ಚಿ ತಿಂದನಂತೆ. ಹಸಿವಾಗಿತ್ತು, ಅದರಲ್ಲಿ ತಪ್ಪೇನು ಎಂದು ನನ್ನನ್ನೇ ಕೇಳಿದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ನಾನು ಬಾಗಿಲು ಎಳೆದುಕೊಂಡೆ. ವೈನಿ ಹೆತ್ತ ಮಗನ ದನಿಗೇ ಹೆದರಿ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

ತಾಟು ಬಡಿಸಿಟ್ಟೆವು. ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ, ಅವನಿಗೆ ಇಷ್ಟವೆಂದು ಗಟ್ಟಿ ಮೊಸರು. ಊಟಕ್ಕೆ ಮುಂಚೆ ತಾಯಿ ಅಂಗೈ ಚಾಚಿದಳು. ಅವನು ನಗುತ್ತಲೇ ತನ್ನವನ್ನು ಮಗುಚಿ, “ನಿಂದು ನಿನಗವ್ವ, ಕೊಟ್ಟೆ” ಅಂದ. ವೈನಿಯ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ. ಎದ್ದವಳೇ ಹಿತ್ತಲ ಬಾಗಿಲ ಅಗಳಿ ಸರಿಸಿ ಧಡಾರೆಂದು ತೆಗೆದಳು. ಬಿಸಿಲು ಒಳಗೆ ಬಂತು. ನಾನು ಖುಷಿಯಿಂದ ಅಳುವುದೊಂದು ಬಾಕಿ. ಅಷ್ಟರಲ್ಲಿ ತಾಟು ಉರುಳಿತು. ಬಸಲಿಂಗ ಕೆಂಪು ಚಟ್ನಿಯನ್ನೇ ನೋಡುತ್ತ ಹಿಂದಕ್ಕೆ ಸರಿಯುತ್ತಿದ್ದ. ಗೋಡೆ ಸಿಕ್ಕಿತು. ಗೋಡೆಗುಂಟ ಸರಿದು ಮಂಚದ ಕೆಳಗೆ ಹೋದ. ಅಲ್ಲಿ ಹೆದರದೆ ನೋಡಿದ್ದನ್ನೆಲ್ಲ ಅವನು ಈಗ ಹೆದರಿ ನೋಡತೊಡಗಿದ. ಆ ಕೂಗು ಬೇಡ, ಹೇಳಿ ಪ್ರಯೋಜನವಿಲ್ಲ.

ದಂಡಿನಿಂದ ಬಂದವರಿಗೆಲ್ಲ ಹೀಗೆ ಆಗುತ್ತದೆ. ಅದಕ್ಕೆ ಔಷಧ ಏನೆಂದೂ ಊರಿಗೆ ಗೊತ್ತು. ಎರಡು ದಿನ, ನಾಲ್ಕು ದಿನ ತಾಯಿಯಾದವಳು ನೋಡುತ್ತಾಳೆ. ಆಮೇಲೆ ತಡೆಯಲಾರದೆ ತನ್ನದನ್ನು ಮತ್ತೆ ಅವನ ಕೈಗೆ ಹಾಕುತ್ತಾಳೆ. ಅವನು ಎದ್ದು ಕೂರುತ್ತಾನೆ, ಮೈ ತೊಳೆಯುತ್ತಾನೆ, ಉಣ್ಣುತ್ತಾನೆ, ಮುಂದಿನ ದಂಡು ಹೊರಟಾಗ ಹಾಡು ಹೇಳುತ್ತ ಅದರ ಜೊತೆ ಹೋಗುತ್ತಾನೆ. ಒಮ್ಮೆ ಬಂದವನು ಎರಡನೆಯ ಸಲ ಬಂದದ್ದನ್ನು ನಾನು ಕಂಡಿಲ್ಲ. ಹೆದರಿಕೆಯೇ ಇಲ್ಲದವನು ತೋಫಿನ ಬಾಯಿಗೆ ಎದುರಾಗಿ ನಡೆಯುತ್ತಾನೆ, ಇನ್ನೇನು ಆಗುತ್ತದೆ. ಊರು ಅವನನ್ನು ವೀರ ಎನ್ನುತ್ತದೆ. ಅವನ ತಾಯಿ ಹಗ್ಗ ಹಿಡಿಯುತ್ತಾಳೆ.

ವೈನಿ ಕೊಡಲಿಲ್ಲ. ಬಸಲಿಂಗ ಮಂಚದ ಕೆಳಗಿನಿಂದ ಎರಡೂ ಕೈ ಹೊರಗೆ ಚಾಚಿ, “ಅವ್ವಾ, ಕೊಡ, ಒಂದೀಟ ಕೊಡ” ಎಂದು ಗೋಗರೆಯುವನು. ಅವಳು ಆ ಕೈಗಳ ಪಕ್ಕದಲ್ಲಿ ಕುಳಿತು, “ಇಲ್ಲೋ ನನ್ನಪ್ಪ, ಕೊಡಂಗಿಲ್ಲ. ಕೊಟ್ರ ನೀ ದಂಡಿಗೆ ಹೊಕ್ಕಿ” ಅನ್ನುವಳು. ಊಟ ತಿನಿಸುವಳು, ಮೈ ಒರೆಸುವಳು, ಬಟ್ಟೆ ಬದಲಿಸುವಳು. ಕೊಡುವುದಿಲ್ಲ. ಬೀದಿಯಲ್ಲಿ ಮಾತು ಹುಟ್ಟಿತು: ಹೆತ್ತ ಮಗ ಒದ್ದಾಡುತ್ತಿದ್ದಾನೆ, ಇವಳು ಎದೆ ಸೆಟೆಸಿಕೊಂಡು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾಳೆ, ಎಂಥ ತಾಯಿ. ಆ ಮಾತು ಅವಳ ಕಿವಿಗೂ ಬಿತ್ತು. ಅವಳು ಬೀದಿಗೆ ಹೋಗಿ ನಡುವೆ ನಿಂತು, “ಹೌದ, ನಾ ಅಂಥ ತಾಯಿನ. ಮುಂದೇನ?” ಅಂದಳು. ಯಾರೂ ಹೊರಗೆ ಬರಲಿಲ್ಲ. ಬರುವ ಎದೆ ಆ ಬೀದಿಯಲ್ಲಿ ಯಾರಿಗಿತ್ತು.

ಹಾಗಿರುವಾಗ ದಳವಾಯಿಯ ಡಂಗುರ ಬಂತು. ಹೊಳೆಯಾಚೆಯವರು ಮತ್ತೆ ಏರಿ ಬರುತ್ತಿದ್ದಾರೆ, ಹೊಸಬರು ಹಳಬರು ಎನ್ನದೆ ಕೈಕಾಲು ನೆಟ್ಟಗಿರುವ ಗಂಡಸರೆಲ್ಲ ಹೊರಡಬೇಕು. ಜಮಾದಾರ ಮನೆಮನೆಗೆ ಬಂದು ತಾಟು ಬಡಿಯುತ್ತಾನೆ. ತಾಟು ಬಡಿಯುವುದೆಂದರೆ, ಗಂಡಸನ್ನು ಬಾಗಿಲಲ್ಲಿ ಬೆನ್ನು ಮಾಡಿ ನಿಲ್ಲಿಸಿ ಅವನ ಕಿವಿಯ ಹಿಂದೆ ಹಿತ್ತಾಳೆ ತಾಟಿಗೆ ಕೋಲಿನಿಂದ ಬಾರಿಸುವುದು. ಅಲುಗದೆ ನಿಂತವನು ದಂಡಿಗೆ. ಬೆಚ್ಚಿದವನನ್ನು ಒಯ್ಯುವುದಿಲ್ಲ, ಒಬ್ಬ ಬೆಚ್ಚಿದರೆ ಸಾಲೇ ಒಡೆಯುತ್ತದೆ ಎನ್ನುತ್ತಾರೆ. ಬೆಚ್ಚಿದವನಿಗೆ ಮನೆಯ ಹೆಂಗಸರು ಅಲ್ಲೇ ಧೈರ್ಯ ಕೊಡುವುದುಂಟು, ಎರಡನೆಯ ಪೆಟ್ಟಿಗೆ ಅವನು ಕಲ್ಲಿನಂತೆ ನಿಲ್ಲುವುದುಂಟು. ಹಾಗಾಗಿ ನಮ್ಮ ಮನೆಯ ಮಟ್ಟಿಗೆ ಮಾತು ಸರಳವಾಗಿತ್ತು. ಧೈರ್ಯ ವೈನಿಯ ಹತ್ತಿರ ಉಳಿದರೆ ಬಸಲಿಂಗ ಮಂಚದ ಕೆಳಗೆ ನರಳುತ್ತ ಬದುಕುತ್ತಾನೆ. ಅವನ ಕೈಗೆ ಹೋದರೆ ನಗುತ್ತ ಸಾಯುತ್ತಾನೆ.

ಡಂಗುರದ ಮರುದಿನ ಮಠದ ಅಜ್ಜಾರೇ ನಮ್ಮ ಮನೆಗೆ ಬಂದರು. ಗದ್ದುಗೆ ಏರುವಾಗ ಅವರಿಗೆ ಒಬ್ಬರಲ್ಲ, ಭಕ್ತರ ಮನೆಗಳಿಂದ ಸಾಲುಸಾಲಾಗಿ ಹೆಂಗಸರು ಬಂದು ಕೊಟ್ಟಿದ್ದರು. ದಾಸೋಹದ ಊಟ ಮಾಡುವುದಕ್ಕೆ ಅಷ್ಟೊಂದು ಜನರ ಧೈರ್ಯ ಯಾಕೆ ಬೇಕು ಎಂದು ನಾನು ಒಳಗೊಳಗೇ ಆಡಿಕೊಳ್ಳುತ್ತಿದ್ದೆ. ಅವತ್ತು ನನಗೆ ಉತ್ತರ ಸಿಕ್ಕಿತು. ನಾನು ಕಾಳಿನ ಗುಡಾಣದ ಹಿಂದೆ ಕುಳಿತು ಕೇಳಿಸಿಕೊಂಡೆ.

“ತಾಯಿ, ಮಗ ನರಳಾಕತ್ಯಾನ. ದೇವರ ಕಾರ್ಯಕ್ಕ ಹೋಗಬೇಕಾದಂವ. ಕೊಟ್ಟು ಕಳಸು” ಅಂದರು ಅಜ್ಜಾರು.

“ಕೊಟ್ರ ಬರ್ತಾನೇನ್ರಿ, ಅಜ್ಜಾರ?”

“ಬರೂದು ಹೋಗೂದು ಅವನ ಕೈಯಾಗ.”

“ಇಷ್ಟು ಹೆಣ್ಮಕ್ಕಳ ಧೈರ್ಯ ನಿಮ್ಮ ಹಂತ್ಯಾಕ ಐತಿ. ಒಮ್ಮೆರ ದಳವಾಯಿ ಮುಂದ ನಿಂತು, ಸಾಕು ಮಾಡು, ನಮ್ಮ ಊರಾಗ ಗಂಡು ಹುಡುಗರ ಉಳದಿಲ್ಲ ಅಂದೀರೇನ್ರಿ?”

ಮಂಚದ ಕೆಳಗೆ ಬಸಲಿಂಗನ ಉಸಿರಾಟ ಕೇಳುತ್ತಿತ್ತು. ಆಮೇಲೆ ಅಜ್ಜಾರು ಹೇಳಿದ್ದು ಇಷ್ಟು: “ತಾಯಿ, ಹೊರಟು ನಿಂತ ಹುಡುಗರ ಹಣಿಗೆ ನಾ ವಿಭೂತಿ ಹಚ್ಚತೀನಿ. ಒಬ್ಬೊಬ್ಬನ ಮಾರಿ ನೋಡಿ, ಹೋಗಿ ಬಾ ಅಂತೀನಿ. ಬರೂದಿಲ್ಲ ಅಂತ ಗೊತ್ತಿದ್ದೂ ಅಂತೀನಿ. ಹೆದರಿಕಿ ಇದ್ದಂವಗ ಈ ಕೆಲಸ ಆಗೂದಿಲ್ಲ. ನನಗ ಕೊಟ್ಟದ್ದು ಅದಕ್ಕ ಖರ್ಚಾಗಾಕತ್ತೈತಿ.”

ಸುಳ್ಳು ಹೇಳಿದ್ದರೆ ಸಿಟ್ಟು ಬರುತ್ತಿತ್ತು. ಅವರು ಸುಳ್ಳು ಹೇಳಲಿಲ್ಲ. ವೈನಿ ಎದ್ದು ಅವರ ಪಾದ ಮುಟ್ಟಿ, “ನನ್ನ ಮಗನ ಮಾರಿ ನೀವು ನೋಡೂದು ಬ್ಯಾಡ್ರಿ” ಅಂದಳು. ಅಜ್ಜಾರು ಹೊರಟು ಹೋದರು. ಮಠದಲ್ಲಿ ಮುಂದೆ ಕುಳಿತು ಪ್ರಶ್ನೆ ಕೇಳುತ್ತಿದ್ದ ಹೆಂಗಸಿಗೆ ಕೇಳಲು ಇನ್ನೇನೂ ಉಳಿದಿರಲಿಲ್ಲ ಅನಿಸುತ್ತದೆ. ಗೋಡೆಗೆ ಒರಗಿ ಕುಳಿತುಬಿಟ್ಟಳು.

ತಾಟು ಬಡಿಯುವ ಹಿಂದಿನ ದಿನ ಹೊತ್ತೇರಿದ ಮೇಲೆ ಅವಳು ಅಡುಗೆಮನೆಗೆ ಬಂದಳು. ನಾನು ಹಿಟ್ಟು ನಾದುತ್ತಿದ್ದೆ. ಅವಳು ನನ್ನ ಮುಂದೆ ಕುಳಿತಳು.

“ಸೋಮವ್ವ, ನನ್ನ ಕೈಲೆ ಆಗೂದಿಲ್ಲ.”

“ಏನ್ ಆಗೂದಿಲ್ಲ ವೈನಿ?”

“ಅವ ಕೈ ಚಾಚಿದಾಗೊಮ್ಮೆ ನನ್ನ ಕೈ ತಾವ ಏಳಾಕತ್ತಾವು. ನಿನ್ನೆ ಕೊಟ್ಟ ಬಿಡ್ತಿದ್ದೆ, ತೊಡಿ ಕೆಳಗ ಒತ್ತಿ ಹಿಡದ ಕುಂತೆ.”

“ನಿನಗ ಧೈರ್ಯ ಬಂದೈತಿ. ಇನ್ನ್ಯಾಕ ಅಂಜಿಕಿ?”

“ಜಮಾದಾರನ ಮುಂದ ನಿಲ್ಲಾಕ ಧೈರ್ಯ ಬೇಕು. ದಳವಾಯಿ ಬಂದ್ರೂ ನಿಲ್ತೀನಿ. ಇವನ ಮುಂದ ಧೈರ್ಯ ತಗೊಂಡು ಏನ್ ಮಾಡ್ಲಿ? ನನ್ನ ಎದಿ ಹಾಲು ಕುಡದಂವ. ಅವ ಅಳೂದು ಕೇಳಿದ್ರ ಹಾಲು ಇಳದಂಗ ಆಕ್ಕತಿ, ಈ ವಯಸ್ಸಿನಾಗ.” ಅವಳು ಹಿಟ್ಟು ಮೆತ್ತಿದ ನನ್ನ ಕೈಗಳನ್ನು ಎಳೆದು ಮೇಲ್ಮುಖ ಮಾಡಿದಳು. “ನೀ ಇಟ್ಟುಕೋ. ನನ್ನ ಹಂತ್ಯಾಕ ಇಲ್ಲಂದ್ರ ನಾ ಕೊಡಾಕ ಆಗೂದಿಲ್ಲ. ನಾಳೆ ಅವ ಕೇಳ್ತಾನ, ಕೊಡಬ್ಯಾಡ. ನಾನೂ ಕೇಳ್ತೀನಿ, ಅಂಜಿಕ್ಯಾಗ ಏನೇನರ ಒದರತೀನಿ, ನನ್ನ ಮಾತೂ ಕೇಳಬ್ಯಾಡ.”

“ನನಗ ಮಾತ್ರ ಅವ ಮಗ ಅಲ್ಲೇನು?” ಅಂದೆ ನಾನು. ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋದವಳು ನಾನು. ಮೊದಲ ಹಲ್ಲಿನ ಗುರುತು ನನ್ನ ಭುಜದ ಮೇಲಿದೆ.

ಅವಳು ನನ್ನ ಕಣ್ಣು ತಪ್ಪಿಸಿದಳು. “ನೀ ಹೆತ್ತಿಲ್ಲ ಸೋಮವ್ವ. ನಿನ್ನ ಕೈಲೆ ಆಕ್ಕತಿ.”

ಜೀವಮಾನದಲ್ಲಿ ಅವಳು ಎಂದೂ ಆಡದಿದ್ದ ಮಾತು. ಅವತ್ತು ಆಡಬೇಕಾಗಿ ಬಂತು, ಆಡಿದಳು. ನಾನು ಕೈ ಹಿಂದೆಳೆಯಲಿಲ್ಲ. ಅವಳು ತನ್ನವನ್ನು ಮಗುಚಿ “ಕೊಟ್ಟೆ” ಅಂದಳು.

ಹೇಗಿತ್ತು ಎಂದು ಕೇಳಿದರೆ, ಬಹಳ ದಿನದ ಕಿವಿನೋವು ನಿಂತ ಹಾಗಿತ್ತು. ಒಲೆಯ ಬೆಂಕಿ ಬರೀ ಬೆಂಕಿಯಾಗಿ ಕಂಡಿತು. ಬಾಗಿಲು ಬರೀ ಬಾಗಿಲು. ಎದ್ದು ಅಂಗಳಕ್ಕೆ ಹೋಗಿ ನಿಂತೆ, ಮೇಲೆ ನೋಡಿದೆ, ಆಕಾಶ ಎಷ್ಟು ದೊಡ್ಡದಾಗಿತ್ತು. ಆಗಲೇ, ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಳ್ಳಲು ಹೆದರಿದ್ದ ಒಂದು ಮಾತು ಸುಮ್ಮನೆ ಬಂದು ಎದುರಿಗೆ ನಿಂತಿತು. ಅಣ್ಣ ದುಂಡಪ್ಪ ಸತ್ತಿದ್ದಾನೆ. ಘಟ್ಟದಾಚೆ ಎಲ್ಲೋ ಗಾಡಿಗಳ ಪಕ್ಕದಲ್ಲಿ, ನನ್ನ ಧೈರ್ಯದಿಂದಲೇ ಸತ್ತಿದ್ದಾನೆ. ಒಳಗೆ ವೈನಿ ಹಣೆಯ ತುಂಬ ಕುಂಕುಮವಿಟ್ಟುಕೊಂಡು ಗೂಡಿನ ಗುಬ್ಬಿಗೆ ಬೆಚ್ಚುತ್ತಿದ್ದಳು. ಹೇಳುವ ಧೈರ್ಯ ನನ್ನ ಹತ್ತಿರ ಇತ್ತು, ಕೇಳುವವಳ ಹತ್ತಿರ ಇರಲಿಲ್ಲ. ನಾನು ಒಳಗೆ ಹೋಗಿ ಉಳಿದ ಹಿಟ್ಟು ನಾದಿದೆ.

ಜಮಾದಾರ ಬಂದದ್ದು ಬಿಸಿಲೇರುವ ಹೊತ್ತಿಗೆ. ಅವನ ಹಿಂದೆ ಆಗಲೇ ಆರಿಸಿಕೊಂಡ ಹುಡುಗರು ಸಾಲಾಗಿ ನಿಂತಿದ್ದರು, ಹಣೆಗೆ ವಿಭೂತಿ ಹಚ್ಚಿಕೊಂಡು, ಒಬ್ಬರನ್ನೊಬ್ಬರು ತಮಾಷೆ ಮಾಡುತ್ತ. ಬಸಲಿಂಗನ ಓರಿಗೆಯ ಚನ್ನವೀರನೂ ಇದ್ದ, ಚಿಕ್ಕಂದಿನಿಂದ ನಮ್ಮ ಮನೆಯಲ್ಲೇ ಉಂಡು ಬೆಳೆದವನು. ಜಮಾದಾರನ ಕಡೆಯ ಇಬ್ಬರು ಒಳಗೆ ಹೋಗಿ ಬಸಲಿಂಗನನ್ನು ಮಂಚದ ಕೆಳಗಿನಿಂದ ಎಳೆದು ತಂದು ಹೊಸ್ತಿಲಲ್ಲಿ ನಿಲ್ಲಿಸಿದರು. ಜಮಾದಾರ ತಾಟು ಬಾರಿಸಿದ. ಅವನು ನೆಲಕ್ಕೆ ಬಿದ್ದು ಮಂಡಿಯಲ್ಲಿ ಮುಖ ಹುದುಗಿಸಿ ಉಚ್ಚೆ ಹೊಯ್ದುಕೊಂಡ. ಸಾಲಿನಲ್ಲಿ ಯಾರೋ ನಕ್ಕರು. ಚನ್ನವೀರ ನಗಲಿಲ್ಲ.

“ಈ ಮನಿಯಾಗ ಧೈರ್ಯ ಯಾರ ಹಂತ್ಯಾಕ ಐತಿ?” ಎಂದು ಜಮಾದಾರ ಕೇಳಿದ.

“ನನ್ನ ಹಂತ್ಯಾಕ” ಅಂದೆ. ಬಾಗಿಲ ಹಿಂದಿನ ಸೋಮವ್ವ ಹೊಸ್ತಿಲ ಮೇಲೆ ನಿಂತದ್ದನ್ನು ನೋಡಿ ಬೀದಿಯ ಕಿಟಕಿಗಳೆಲ್ಲ ಒಂದು ಬೆರಳಿನಷ್ಟು ತೆರೆದುಕೊಂಡವು.

“ಕೊಡಬೇಕು ಮತ್ತ, ಎಂಥಾ ಸಿಪಾಯಿ ಇಂವ. ಹೊಳಿ ದಂಡ್ಯಾಗ ಇಂವ ನಿಂತದ್ದು ನಾನ ನೋಡೀನಿ. ಹುಲಿ. ಅಂಥಾವನ್ನ ಹಿಂಗ ನಾಯಿ ಮಾಡಿ ಇಟ್ಟೀರಲ್ಲ, ಮನಸು ಹೆಂಗರ ಬಂತು?”

ಬಸಲಿಂಗ ತೆವಳಿಕೊಂಡು ನನ್ನ ಕಾಲ ಹತ್ತಿರ ಬಂದ. ಅವ್ವನ ಹತ್ತಿರ ಇಲ್ಲ, ನನ್ನ ಹತ್ತಿರ ಇದೆ ಎಂದು ಅವನಿಗೆ ಆಗಲೇ ತಿಳಿದಿತ್ತು. ಎರಡೂ ಅಂಗೈ ಚಾಚಿದ. “ಅತ್ತಿ, ಕೊಡ. ನಿನ್ನ ಕಾಲ ಬೀಳ್ತೀನಿ, ಕೊಡ. ನಾ ಸತ್ರೂ ಅಡ್ಡಿಯಿಲ್ಲ, ಈ ಅಂಜಿಕಿ ಒಂದು ನಿಂದರ್ಲಿ.” ಅವನ ಹಲ್ಲು ಕಟಕಟಿಸುತ್ತಿದ್ದವು. ಒಳಗಿನಿಂದ ವೈನಿ ಕೂಗಿಕೊಂಡಳು, ಅದು ಅವಳ ದನಿ ಎಂದರೆ ಯಾರೂ ನಂಬಲಿಕ್ಕಿಲ್ಲ: “ಕೊಟ್ಟ ಬಿಡ ಸೋಮವ್ವ! ಕೊಟ್ಟ ಬಿಡ! ಅವರು ನಮ್ಮನ್ನ ಹೊಡೀತಾರ! ನನಗ ನೋಡಾಕ ಆಗೂದಿಲ್ಲ, ಕೊಟ್ಟ ಬಿಡ!”

ನನ್ನ ಕೈಗಳು ಏಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆರದವಳಿಗೆ ಸುಲಭ ಎಂದುಕೊಂಡ ವೈನಿಯ ಎಣಿಕೆ ತಪ್ಪು. ಕೈ ಏಳುತ್ತಿತ್ತು. ನಾನು ಅದನ್ನು ಸೆರಗಿನಲ್ಲಿ ಸುತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. “ಕೊಡಂಗಿಲ್ಲ” ಅಂದೆ. ಜಮಾದಾರ ಇನ್ನೊಮ್ಮೆ ಕೇಳಿದ. ಬಸಲಿಂಗ ನನ್ನ ಪಾದಕ್ಕೆ ಹಣೆ ಚಚ್ಚಿಕೊಂಡ. “ಕೊಡಂಗಿಲ್ಲಪ್ಪ, ಕೊಡಂಗಿಲ್ಲ” ಅನ್ನುತ್ತ ನಿಂತೆ. ಕೊನೆಗೆ ಜಮಾದಾರ ಹೊಸ್ತಿಲ ಮೇಲೆ ಉಗುಳಿ ಮುಂದಿನ ಮನೆಗೆ ನಡೆದ. ಚನ್ನವೀರ ಸಾಲಿನಿಂದ ತಿರುಗಿ ನೋಡಿ, “ಬರ್ತೀನಿ ಅತ್ತಿ” ಎಂದು ಕೈಯೆತ್ತಿದ. ಅವನ ಹಿಂದೆ ಅವನ ತಾಯಿ ಹಗ್ಗಕ್ಕೆ ಜೋತುಬಿದ್ದು ನಿಂತಿದ್ದಳು, ಅವತ್ತು ಬೆಳಗ್ಗೆ ತಾನೇ ಕೊಟ್ಟವಳು.

ಅವರು ಹೋದ ಮೇಲೆ ಊರು ಮತ್ತಷ್ಟು ತಣ್ಣಗಾಯಿತು. ಹಗ್ಗ ಬಿಟ್ಟು ನಡೆಯುವ ಹೆಂಗಸೆಂದರೆ ನಾನೊಬ್ಬಳೇ. ಮನೆಮನೆಗೆ ನೀರು ಹೊತ್ತು ಹಾಕಿದೆ, ಹೊಗೆಗೂಡಿನ ಗುಬ್ಬಿ ತೆಗೆದೆ, ಹೆರಿಗೆ ಮಾಡಿಸಿದೆ. ಕೆಲಸ ಮಾಡಿಸಿಕೊಳ್ಳುತ್ತಿದ್ದರು, ನನ್ನ ಮುಖ ನೋಡುತ್ತಿರಲಿಲ್ಲ. ಒಬ್ಬ ಸಿಪಾಯಿಯನ್ನು ದಂಡಿನಿಂದ ಕದ್ದವಳು ಎಂದು ನನಗೆ ಹೆಸರಾಗಿತ್ತು. ಮನೆಯಲ್ಲಿ ತಾಯಿ ಮಗ ಇಬ್ಬರೂ ಒಂದೇ ಮಂಚದ ಕೆಳಗೆ ಕೈ ಕೈ ಹಿಡಿದು ಮಲಗುತ್ತಿದ್ದರು. ಊಟ ಅಲ್ಲಿಗೇ ಸರಿಸುತ್ತಿದ್ದೆ, ಚಟ್ನಿ ಇಲ್ಲದೆ. ಬಸಲಿಂಗ ದಿನವೂ ಕೇಳುತ್ತಿದ್ದ, ನಾನು ದಿನವೂ ಇಲ್ಲವೆನ್ನುತ್ತಿದ್ದೆ. ಬದುಕಿದ್ದಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೆಲವು ದಿನ ಆ ಮಾತು ಸಾಕಾಗುತ್ತಿತ್ತು, ಕೆಲವು ದಿನ ಸಾಲುತ್ತಿರಲಿಲ್ಲ.

ಮಳೆ ಹಿಂದೆ ಸರಿದ ಮೇಲೆ ಸುದ್ದಿ ಬಂತು. ಹೊಳೆಯ ದಂಡೆಯಲ್ಲಿ ನಮ್ಮ ಹುಡುಗರ ಸಾಲು ಒಡೆಯಲೇ ಇಲ್ಲವಂತೆ. ಅಲುಗದೆ ನಿಂತರಂತೆ. ನಿಂತವರು ನಿಂತಲ್ಲೇ ಮುಗಿದರು, ಒಬ್ಬನೂ ಹಿಂದೆ ಸರಿಯಲಿಲ್ಲ ಎಂದು ಜಮಾದಾರನೇ ಮಠದ ಮುಂದೆ ನಿಂತು ಹೆಮ್ಮೆಯಿಂದ ಸಾರಿದ. ಕೇಳಲು ಹೋಗಿದ್ದವಳು ನಾನು ಮತ್ತು ಕೆಲವು ಮುದುಕರು. ಉಳಿದವರಿಗೆ ಹೊರಗೆ ಬರುವ ಜೀವವಿರಲಿಲ್ಲ. ಮನೆಮನೆಗೆ ಹೋಗಿ ಹೇಳುವ ಕೆಲಸ ನನಗೆ ಬಂತು. ಹೇಳಿದೆ. ಯಾವ ಮನೆಯಲ್ಲೂ ಒಬ್ಬ ತಾಯಿಯೂ ಅಳಲಿಲ್ಲ. ಕೇಳಿದವರು ಬಾಯಿಗೆ ಸೆರಗು ಒತ್ತಿಕೊಂಡು ಮೂಲೆಗೆ ಸರಿದರು. ಗಟ್ಟಿಯಾಗಿ ಅಳುವುದಕ್ಕೂ ಎದೆ ಬೇಕು. ತಮ್ಮ ಅಳುವಿಗೆ ತಾವೇ ಹೆದರುವವರು ಹೇಗೆ ಅತ್ತಾರು. ಚನ್ನವೀರನ ತಾಯಿ ಬಾಗಿಲೇ ತೆರೆಯಲಿಲ್ಲ. ನಾನು ಬಾಗಿಲಿಗೆ ಬಾಯಿಟ್ಟು ಹೇಳಿ ಬಂದೆ. ಒಳಗೆ ಏನೋ ಕೆಳಗಿಟ್ಟ ಸದ್ದಾಯಿತು, ಅಷ್ಟೇ.

ಮನೆಗೆ ಬಂದು ಮಂಚದ ಮುಂದೆ ನೆಲದ ಮೇಲೆ ಕುಳಿತು ಬಸಲಿಂಗನಿಗೂ ಹೇಳಿದೆ. ಅವನು ಕೇಳಿಸಿಕೊಂಡ. ವೈನಿ ಕಿವಿ ಮುಚ್ಚಿಕೊಂಡಿದ್ದಳು. ಅವನ ಕೈಗಳು ಹೊರಗೆ ಬಂದವು.

“ಅತ್ತಿ, ಇವತ್ತೊಂದ ದಿನ ಕೊಡ. ದಂಡಿಗೆ ಹೋಗಾಕ ಅಲ್ಲ. ಇನ್ನ ಎಲ್ಲೈತಿ ದಂಡು. ಅವರನ್ನ ನೆನೆಸಿಕೊಂಡ್ರ ನನಗ ಅಳು ಬರವಲ್ದು, ಬರೇ ಅಂಜಿಕಿ ಬರಾಕತ್ತೈತಿ. ಚನ್ನವೀರನ ಮಾರಿ ಕಂಡ್ರ ದೆವ್ವ ಕಂಡಂಗ ಆಗಾಕತ್ತೈತಿ, ನನ್ನ ಗೆಳ್ಯಾನ ಮಾರಿ! ಒಂದ ಹೊತ್ತು ಕೊಡ, ಅತ್ತು ತಿರುಗಿ ಕೊಡ್ತೀನಿ.”

ಅವನು ಕೇಳಿದ್ದರಲ್ಲಿ ನ್ಯಾಯವಿತ್ತು. ದಂಡೂ ಇರಲಿಲ್ಲ, ತಾಟೂ ಇರಲಿಲ್ಲ. ನನ್ನ ಕೈ ಮಂಡಿಯಿಂದ ಎದ್ದಿತು. ಆದರೆ ಎದೆ ಗಟ್ಟಿಯಾದ ಬಸಲಿಂಗ ಅತ್ತು ಮುಗಿಸಿ ಏನು ಮಾಡುತ್ತಾನೆ ಎಂಬುದು ನನಗೆ ಗೊತ್ತಿತ್ತು. ಜಮಾದಾರ ಇನ್ನೂ ಮಠದಲ್ಲಿ ಉಣ್ಣುತ್ತಿದ್ದ. ಸತ್ತವರ ಸೇಡು ಎಂದು ಇವನು ಎದ್ದು ಅವನ ಹಿಂದೆ ನಡೆಯುತ್ತಾನೆ, ನಗುತ್ತ. ಒಂದು ಸುಗ್ಗಿ ಎಂದ ಅಣ್ಣನಿಗೆ ಒಮ್ಮೆ ಕೊಟ್ಟವಳು ನಾನು.

“ಕೊಡಂಗಿಲ್ಲೋ, ಬಸು. ನಿನ್ನ ಪಾಲಿಂದು ನಾ ಅಳ್ತೀನಿ. ಸತ್ತವರ ಹೆಸರು ಹೇಳ” ಅಂದೆ.

ಅವನು ಚಾಚಿದ ಕೈಗಳನ್ನು ಒಳಗೆಳೆದುಕೊಂಡ. ಆಮೇಲೆ, ಹಲ್ಲು ಕಡಿಯುತ್ತ, “ಚನ್ನವೀರ” ಅಂದ. ನಾನು ಎದ್ದು ಬೀದಿಯ ಬಾಗಿಲನ್ನು ಪೂರ್ತಿ ತೆರೆದೆ. ಹೊಸ್ತಿಲ ಮೇಲೆ ಕುಳಿತು, ಎದೆ ಬಡಿದುಕೊಂಡು, ನಮ್ಮ ಊರಿನಲ್ಲಿ ಯಾರೂ ಕೇಳಿರದಷ್ಟು ಗಟ್ಟಿಯಾಗಿ ಚನ್ನವೀರನಿಗಾಗಿ ಅತ್ತೆ, ಅವನು ನಮ್ಮ ಮನೆಯಲ್ಲಿ ಉಂಡದ್ದನ್ನೆಲ್ಲ ಹೇಳಿಕೊಂಡು ಅತ್ತೆ. ಎದುರು ಮನೆಯ ಕಿಟಕಿ ಮುಚ್ಚಲು ಹೋಗಿ ಮುಚ್ಚದೆ ನಿಂತಿತು. ಗಂಟಲು ಒಣಗಿದಾಗ ನಿಲ್ಲಿಸಿ, ಒಳಗೆ ತಿರುಗಿ, “ಮುಂದ?” ಅಂದೆ. ಅವನು ಇನ್ನೊಂದು ಹೆಸರು ಹೇಳಿದ.